ಈ ಈದಿಗೆ ಹದಿಹರೆಯದವರ ಬುಟ್ಟಿಯಲ್ಲಿ ಏನಿಡೋಣ?

ಕಳೆದ ರಮಝಾನಿನ ಕೊನೆಯ ಹತ್ತು ದಿನಗಳಲ್ಲಿ ಒಂದು ಸಂಜೆ, ಅಸರ್ ನಮಾಝಿನ ಹೊತ್ತಿಗೆ, ಹದಿನಾರು ವರ್ಷದ ಹುಡುಗಿಯೊಬ್ಬಳನ್ನು ಆಟೋದಲ್ಲಿ ನನ್ನ ಕ್ಲಿನಿಕ್ಕಿಗೆ ಕರೆತಂದರು. ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುತ್ತಿದ್ದ ದಿನಗಳು. ಟ್ಯೂಷನ್ನಿನಲ್ಲಿ ಕುಳಿತಲ್ಲೇ ಕುಸಿದಿದ್ದಳಂತೆ. ನಾಲಗೆ ಒಣಗಿತ್ತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಕೆಂಪೇ ಇಲ್ಲ. "ಉಪವಾಸ ಮುಂದುವರಿಸುವುದು ಬೇಡ, ನೀರು ಕುಡಿಸಿ" ಎಂದೆ. ಅವಳ ಅಮ್ಮಿ ನನ್ನ ಕಿವಿಯ ಬಳಿ ಬಗ್ಗಿ, "ಅವಳಿಗೆ ಮೂರು ದಿನದಿಂದ ಉಪವಾಸವೇ ಇಲ್ಲ ಡಾಕ್ಟರ್" ಎಂದರು.

ಮುಟ್ಟಿನ ದಿನಗಳು. ಮನೆಯಲ್ಲಿ ದಾದಾ ಇದ್ದಾರೆ, ಇಬ್ಬರು ಅಣ್ಣಂದಿರು ಇದ್ದಾರೆ. ಅವರ ಕಣ್ಣಿಗೆ ಬೀಳುವಂತೆ ಒಂದು ಲೋಟ ನೀರು ಕುಡಿಯುವುದೂ ಅವಳಿಗೆ ನಾಚಿಕೆ. ಹಾಗಾಗಿ ಸಹರಿಗೆ ಎಲ್ಲರ ಜೊತೆ ಎದ್ದು, ಎಲ್ಲರ ಜೊತೆ ಇಫ್ತಾರಿಗೆ ಕುಳಿತು, ನಡುವೆ ಏನೂ ಮುಟ್ಟದೆ ಮೂರು ದಿನ ಕಳೆದಿದ್ದಾಳೆ. ಶರೀಅತ್ತೇ ಕೊಟ್ಟ ರಿಯಾಯಿತಿಯನ್ನು ಮನೆಯ ನಾಚಿಕೆ ಕಿತ್ತುಕೊಂಡಿತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.1 ಗ್ರಾಂ. ಬೆಳಗ್ಗೆ ಇಟ್ಟುಕೊಂಡ ಪ್ಯಾಡನ್ನು ಸಂಜೆಯವರೆಗೂ ಬದಲಿಸಿರಲಿಲ್ಲ. ಟ್ಯೂಷನ್ ಮನೆಯಲ್ಲಿ ಎಲ್ಲಿ ಎಸೆಯುವುದೆಂದು ಗೊತ್ತಿರಲಿಲ್ಲವಂತೆ.

ಅಂದು ರಾತ್ರಿ ತರಾವೀಹ್ ಮುಗಿದ ಮೇಲೆ ಮಕ್ಕಳ ಬಟ್ಟೆಗೆಂದು ಪೇಟೆಗೆ ಹೋದೆ. ಅಂಗಡಿಗಳ ಮುಂದೆ ಮಿಂಚುವ ಕಾಗದ ಸುತ್ತಿ ರಿಬ್ಬನ್ ಕಟ್ಟಿದ 'ಈದ್ ಹ್ಯಾಂಪರ್'ಗಳ ಸಾಲು. ಸಾವಿರ ರೂಪಾಯಿ, ಸಾವಿರದ ಐನೂರು, ಎರಡು ಸಾವಿರ. ಹುಡುಗಿಯರದ್ದರಲ್ಲಿ ಮುಖ ಬೆಳ್ಳಗಾಗಿಸುವ ಕ್ರೀಮು, ಸುರ್ಮಾ, ಅತ್ತರಿನ ಸೀಸೆ, ಚಾಕಲೇಟು. ಹುಡುಗರದ್ದರಲ್ಲಿ ಎನರ್ಜಿ ಡ್ರಿಂಕಿನ ಎರಡು ಡಬ್ಬಿ, ಬಾಡಿ ಸ್ಪ್ರೇ, ಇಯರ್‌ಫೋನು, ಮತ್ತೆ ಅದೇ ಚಾಕಲೇಟು. ಸಂಜೆ ನೋಡಿದ ಹುಡುಗಿಗೂ ಅವಳ ಮಾಮೂನೋ ಖಾಲಾನೋ ಇಂಥದ್ದೇ ಒಂದನ್ನು ಒಯ್ಯುತ್ತಾರೆ ಅನ್ನಿಸಿತು. ಅವಳಿಗೆ ಬೇಕಾದದ್ದು ಒಂದೂ ಅದರಲ್ಲಿ ಇರಲಿಲ್ಲ.

ಬುಟ್ಟಿ ಕೊಡುವುದೇ ದುಂದು ಎಂದು ನಾನು ಹೇಳುವುದಿಲ್ಲ. ಕೊಡಿ. ಐದು ವರ್ಷದ ಮಗು ತನಗೆ ಬೇಕಾದದ್ದನ್ನು ಅತ್ತು ಪಡೆಯುತ್ತದೆ. ಇಪ್ಪತ್ತೈದರವರು ತಾವೇ ಕೊಳ್ಳುತ್ತಾರೆ. ಹದಿಮೂರರಿಂದ ಹದಿನೆಂಟರ ನಡುವಿನವರು ಮಾತ್ರ ಬಾಯಿಬಿಟ್ಟು ಕೇಳಲಾರರು, ಅವರಿಗೆ ಹೇಳಬೇಕಾದದ್ದನ್ನು ನಾವೂ ಬಾಯಿಬಿಟ್ಟು ಹೇಳಲಾರೆವು. ಆ ಮಾತು ಒಂದು ಸಣ್ಣ ಬುಟ್ಟಿಯ ಮೂಲಕ ತಲುಪೀತು ಎಂಬುದು ನನ್ನ ಅಭಿಪ್ರಾಯ. ಆದರೆ ಅದನ್ನು ಅಂಗಡಿಯವರ ಕೈಗೆ ಬಿಡಬಾರದು, ನಾವೇ ಜೋಡಿಸಬೇಕು. ಐನೂರು ರೂಪಾಯಿಯಲ್ಲಿ ಆಗುವ ಕೆಲಸ. ಮೇದಾರರ ಬಳಿ ಸಿಗುವ ಬಿದಿರಿನ ಪುಟ್ಟ ಬುಟ್ಟಿ ತಂದರೆ ಆಮೇಲೆ ಅದು ಅವರ ಮೇಜಿನ ಮೇಲೆ ಪೆನ್ನು, ಕ್ಲಿಪ್ಪು ಹಾಕಿಡಲಿಕ್ಕಾದರೂ ಬರುತ್ತದೆ.

ಈದ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುವುದು ನಿಮಗೆ ಗೊತ್ತೇ ಇದೆ. ಈಗ ಕೆಲವು ವರ್ಷಗಳಿಂದ ಅದು ವಸಂತದಲ್ಲಿ ಬೀಳುತ್ತಿದೆ. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, ಮರುದಿನವೇ ಈದ್. ಪಕ್ಕದ ಮನೆಯ ಹೋಳಿಗೆ ನಮ್ಮ ಮನೆಗೆ, ನಮ್ಮ ಶೀರ್ ಖುರ್ಮಾ ಅವರ ಮನೆಗೆ. ನಮ್ಮ ಮಕ್ಕಳಿಗೆ ಎರಡು ದಿನ ಹಬ್ಬವೋ ಹಬ್ಬ. ಇನ್ನು ಕೆಲವೇ ವರ್ಷಗಳಲ್ಲಿ ಈದ್ ಚಳಿಗಾಲಕ್ಕೆ ಹೋಗುತ್ತದೆ. ಮತ್ತೆ ವಸಂತಕ್ಕೆ ಬರುವಷ್ಟರಲ್ಲಿ ಇಂದಿನ ಹದಿಹರೆಯದವರಿಗೇ ತಲೆ ನೆರೆತಿರುತ್ತದೆ.

ಋತುವಿನ ಮಾತು ಸುಮ್ಮನೆ ಎತ್ತಿದ್ದಲ್ಲ. ಯುನಾನಿ ಪದ್ಧತಿಯಲ್ಲಿ ವಸಂತವನ್ನು ರಬೀ ಎನ್ನುತ್ತೇವೆ. ಅದು ರಕ್ತದ ಋತು. ಬೆಳೆಯುವ ವಯಸ್ಸಿನ ಮಿಝಾಜ್, ಅಂದರೆ ದೇಹಪ್ರಕೃತಿ, ಬಿಸಿ ಮತ್ತು ತೇವದ್ದು. ಮೊಡವೆ, ಬೊಕ್ಕೆ, ಮೂಗಿನಿಂದ ರಕ್ತ ಸೋರುವುದು ಈ ವಯಸ್ಸಿನವರಲ್ಲಿ ಈ ಕಾಲಕ್ಕೆ ಹೆಚ್ಚೆಂದು ಹಳೆಯ ಹಕೀಮರು ಹೇಳುತ್ತಿದ್ದರು. ಆದರೆ ಬುಖಾರಾ, ಹಮದಾನ್ ಕಡೆ ಬದುಕಿದ ಇಬ್ನ್ ಸೀನಾರ ವಸಂತವೇ ಬೇರೆ, ನಮ್ಮ ಬಯಲುಸೀಮೆಯ ವಸಂತವೇ ಬೇರೆ. ಇಲ್ಲಿ ಹೊಂಗೆ ಚಿಗುರುವ ಹೊತ್ತಿಗೇ ಬಿಸಿಲು ನೆತ್ತಿ ಸುಡುತ್ತದೆ. ಹಾಗಾಗಿ ನಮ್ಮ ಬುಟ್ಟಿ ವಸಂತದ್ದಾದರೂ ಬೇಸಿಗೆಯನ್ನು ಲೆಕ್ಕಕ್ಕೆ ಹಿಡಿದೇ ಕಟ್ಟಬೇಕು.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ನನ್ನ ಮಗನಿಗೂ ತಂಗಿಯ ಮಗಳಿಗೂ ಭಾರಿ ಉತ್ಸಾಹದಿಂದ ಬುಟ್ಟಿ ಕಟ್ಟಿದೆ. ಖಮೀರಾ, ಬಾದಾಮಿ ಎಣ್ಣೆ, ಎರಡು ಬಗೆಯ ಅರ್ಕ್, ರಕ್ತಶುದ್ಧಿಯ ಸಿರಪ್ಪು. ಮಗ ಬಟ್ಟೆ ಸರಿಸಿ ನೋಡಿ, "ಅಮ್ಮಿ, ನಿಮ್ಮ ಕ್ಲಿನಿಕ್ಕಿನ ಕಪಾಟು ಖಾಲಿ ಮಾಡಿದ್ರಾ?" ಅಂದ. ಮುಂದಿನ ರಮಝಾನಿಗೆ ಮನೆ ಗುಡಿಸುವಾಗ ಮಂಚದ ಕೆಳಗೆ ಸೀಲೂ ಒಡೆಯದ ಸೀಸೆಗಳು ಸಿಕ್ಕವು. ಅವನದೇ ಸರಿ. ಔಷಧಿ ಉಡುಗೊರೆಯಲ್ಲ. ಯುನಾನಿಯದ್ದಾದರೂ ಅಷ್ಟೇ, ಮಾಜೂನಿಗೂ ಖಮೀರಾಕ್ಕೂ ಪ್ರಮಾಣವಿದೆ, ಯಾರಿಗೆ ಹೊಂದುತ್ತದೆ ಎಂಬ ಲೆಕ್ಕವಿದೆ, ಅವುಗಳಲ್ಲಿ ಸಕ್ಕರೆಯೂ ಇದೆ. ಬುಟ್ಟಿಯಲ್ಲಿ ಅವರಿಗೆ ಇಷ್ಟವಾದ ಒಂದು ಚಾಕಲೇಟು ಮೇಲೆಯೇ ಕಾಣುವಂತಿರಲಿ. ಒಂದು ಸಣ್ಣ ಈದಿಯ ನೋಟೂ ಇರಲಿ, ಏನು ಮಾಡಿದೆ ಎಂದು ಕೇಳದಿರುವ ಕರಾರಿನ ಮೇಲೆ.

ಇನ್ನು ಹುಡುಗಿಯ ಬುಟ್ಟಿ. ಅದರ ತಳದಲ್ಲಿ ಒಂದು ಬಟ್ಟೆಯ ಚೀಲವಿಡಿ, ಪೆನ್ಸಿಲ್ ಚೀಲದಷ್ಟು ದೊಡ್ಡದು, ಜಿಪ್ ಇರುವಂಥದ್ದು. ಒಳಗೆ ನಾಲ್ಕೈದು ಪ್ಯಾಡು, ಒಂದು ಜೊತೆ ಒಳಉಡುಪು, ಕಾಗದದ ನಾಲ್ಕು ಲಕೋಟೆ, ಸಣ್ಣ ಸೋಪಿನ ತುಂಡು. ಶಾಲೆಯ ಬ್ಯಾಗಿನಲ್ಲಿ ಯಾವಾಗಲೂ ಇರಬೇಕಾದ ಚೀಲ ಅದು. ನಾಲ್ಕರಿಂದ ಆರು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು, ಹರಿವು ಕಡಿಮೆ ಇದ್ದರೂ ಸರಿ. ಬಳಸಿದ್ದನ್ನು ಲಕೋಟೆಯಲ್ಲಿ ಸುತ್ತಿ ಚೀಲದಲ್ಲೇ ಇಟ್ಟುಕೊಂಡು ಮನೆಗೆ ತಂದು ಎಸೆದರೂ ನಡೆಯುತ್ತದೆ. ಎಸೆಯುವ ಜಾಗವಿಲ್ಲವೆಂದು ಹತ್ತು ಗಂಟೆ ಹೊತ್ತುಕೊಂಡಿರುವುದಕ್ಕಿಂತ ಅದು ಎಷ್ಟೋ ವಾಸಿ. ಬಟ್ಟೆ ಬಳಸುವ ಮನೆಗಳಲ್ಲಿ ಅದನ್ನು ಸೋಪಿನಿಂದ ತೊಳೆದು ಬಿಸಿಲಿಗೆ ಹಾಕಬೇಕು. ನಾಚಿಕೆಗೆ ಬೇರೆ ಬಟ್ಟೆಗಳ ಅಡಿಯಲ್ಲಿ ಬಚ್ಚಿಟ್ಟು ಒದ್ದೆಯಲ್ಲೇ ಒಣಗಿಸಿದ ಬಟ್ಟೆಯಿಂದ ತುರಿಕೆ, ಸೋಂಕು ತಗಲಿಸಿಕೊಂಡು ಬರುವವರನ್ನು ಈಗಲೂ ನೋಡುತ್ತಿದ್ದೇನೆ.

ಈ ಚೀಲವನ್ನು ಎಲ್ಲರೆದುರು ತೆರೆಸಬೇಡಿ. ಚಾಂದ್ ರಾತ್ ದಿನ ಮೆಹಂದಿ ಹಚ್ಚಲು ಕುಳಿತಾಗ ಅಮ್ಮಿಯೋ ಖಾಲಾನೋ ಕೈಗಿತ್ತರೆ ಸಾಕು. ಜೊತೆಗೆ ಒಂದು ಮಾತು: ಮುಂದಿನ ರಮಝಾನಿನಲ್ಲಿ ಆ ದಿನಗಳು ಬಂದರೆ ಅಡುಗೆಮನೆಯಲ್ಲಿ ಕುಳಿತು ನೆಮ್ಮದಿಯಾಗಿ ಊಟ ಮಾಡು, ಅಣ್ಣ ನೋಡಿದರೆ ನೋಡಲಿ. ಅಣ್ಣನಿಗೆ ಆ ಮಾತನ್ನು ಅಬ್ಬಾ ಹೇಳಬೇಕು. ಬೀದಿಯಲ್ಲಿ ಪರಸ್ತ್ರೀಯರ ಎದುರು ದೃಷ್ಟಿ ತಗ್ಗಿಸಲು ಕಲಿಸುವ ನಾವು ಮನೆಯಲ್ಲಿ ತಂಗಿಯ ತಟ್ಟೆಯ ಮೇಲಿಂದಲೂ ದೃಷ್ಟಿ ತೆಗೆಯಲು ಕಲಿಸಬಹುದಲ್ಲ.

ತಿನ್ನುವ ಪದಾರ್ಥದ ವಿಷಯಕ್ಕೆ ಬಂದರೆ, ಖರ್ಜೂರ ಇಡದ ಈದ್ ಬುಟ್ಟಿ ಇಲ್ಲ. ಇಡಿ, ಏಳೆಂಟು ಸಾಕು. ಆದರೆ "ಖರ್ಜೂರ ತಿಂದರೆ ರಕ್ತ ಆಗುತ್ತದೆ" ಎಂದು ಅದೊಂದನ್ನೇ ನೆಚ್ಚಿ ಕೂರಬೇಡಿ. ನಾವು ತಿನ್ನುವ ಮೆತ್ತನೆಯ ಖರ್ಜೂರದಲ್ಲಿ 100 ಗ್ರಾಮಿಗೆ ಹೆಚ್ಚುಕಡಿಮೆ 1 ಮಿಲಿಗ್ರಾಂ ಕಬ್ಬಿಣ, 60 ಗ್ರಾಮಿಗೂ ಮೇಲೆ ಸಕ್ಕರೆ. ಹದಿಹರೆಯದ ಹುಡುಗಿಗೆ ಆಹಾರದಿಂದ ದಿನಕ್ಕೆ ಬೇಕಾದ ಕಬ್ಬಿಣ ಸುಮಾರು 30 ಮಿಲಿಗ್ರಾಂ. ಎಳ್ಳಿನಲ್ಲಿ 100 ಗ್ರಾಮಿಗೆ 13ರಿಂದ 15 ಮಿಲಿಗ್ರಾಂ ಇದೆ. ಆದ್ದರಿಂದ ನಾನು ಕರಿ ಎಳ್ಳು, ಬೆಲ್ಲ, ಹುರಿಗಡಲೆ ಸೇರಿಸಿ ಕಟ್ಟಿದ ಹತ್ತು ಉಂಡೆಗಳನ್ನು ಡಬ್ಬಿಯಲ್ಲಿ ಹಾಕುತ್ತೇನೆ. ಎರಡು ನಿಂಬೆಹಣ್ಣೋ ಸೀಬೆಹಣ್ಣೋ ಪಕ್ಕಕ್ಕಿರಲಿ, ಹುಳಿ ಹಣ್ಣು ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಹತ್ತುವುದಿಲ್ಲ. ನಮ್ಮ ಮನೆಗಳ ಚಹಾದ ಚಟ ನಿಮಗೆ ನಾನು ಹೇಳಬೇಕಿಲ್ಲ, ಒಂದು ಗಂಟೆಯಾದರೂ ಅಂತರವಿರಲಿ. ಇನ್ನೊಂದು ಮಾತು ಬುಟ್ಟಿಗೆ ಸೇರದಿದ್ದರೂ ಹೇಳುತ್ತೇನೆ: ಈದಿನ ದಿನ ಕಲೇಜಿ ಬೇಯಿಸಿದಾಗ ಮೊದಲ ತುಂಡು ಹುಡುಗಿಯ ತಟ್ಟೆಗೆ ಬೀಳಲಿ. ಗಂಡಸರ ದಸ್ತರ್‌ಖಾನ್ ಎದ್ದ ಮೇಲೆ ಬಟ್ಟಲಿನ ತಳದಲ್ಲಿ ಉಳಿಯುವುದು ಬರೀ ಸಾರು.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಹುಡುಗರಲ್ಲಿ ಶೇ. 31. ಅಂದರೆ ಹುಡುಗರೂ ಪಾರಾಗಿಲ್ಲ. ಹಾಗಾಗಿ ಎರಡೂ ಬುಟ್ಟಿಗಳಲ್ಲಿ ಒಂದು ಚೀಟಿ ಹಾಕುವ ಅಭ್ಯಾಸ ಮಾಡಿಕೊಂಡಿದ್ದೇನೆ: "ಈದ್ ಕಳೆದ ಶನಿವಾರ ಇಬ್ಬರೂ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸೋಣ, ಆಮೇಲೆ ಐಸ್‌ಕ್ರೀಮು." ಸರಕಾರಿ ಆಸ್ಪತ್ರೆಯಲ್ಲಿ ಆಗುವ ಪರೀಕ್ಷೆ ಇದು. ಹುಡುಗಿಯರಲ್ಲಿ 12 ಗ್ರಾಮಿಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದೇ ಲೆಕ್ಕ. ಎಂಟೊಂಬತ್ತು ಗ್ರಾಮಿಗೆ ಇಳಿದವರಿಗೆ ಎಳ್ಳುಂಡೆ ಸಾಲದು, ಕಬ್ಬಿಣದ ಮಾತ್ರೆಯೇ ಬೇಕು. ಯುನಾನಿ ವೈದ್ಯೆಯಾಗಿ ಇದನ್ನು ಹೇಳಲು ನನಗೇನೂ ಸಂಕೋಚವಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಕಿಟಕಿಯಿಂದ ಎಸೆಯುವ ಮಕ್ಕಳಿದ್ದಾರೆ. ರಮಝಾನಿನಲ್ಲಿ ಅದನ್ನು ಮನೆಗೆ ತಂದು ರಾತ್ರಿ ಊಟದ ನಂತರ ನುಂಗಬಹುದೆಂದು ತಿಳಿಸಿ ಹೇಳಿ.

ಹುಡುಗನ ಬುಟ್ಟಿಯ ಬಗ್ಗೆ ನಮ್ಮಲ್ಲಿ ಯಾರೂ ಯೋಚಿಸುವುದಿಲ್ಲ. ಒಂದು ಜೊತೆ ಬಟ್ಟೆ, ಒಂದು ನೋಟು, ಮುಗಿಯಿತು. ನನ್ನ ಬಳಿಗೆ ತಾಯಂದಿರು ಹದಿನೈದು ಹದಿನಾರರ ಗಂಡುಮಕ್ಕಳನ್ನು "ನಿಶ್ಶಕ್ತಿ" ಎಂದು ಕರೆತರುತ್ತಾರೆ. ಹುಡುಗ ತಲೆ ಎತ್ತುವುದಿಲ್ಲ. ಅಮ್ಮಿಯನ್ನು ಹೊರಗೆ ಕೂರಿಸಿ, ಪುರುಷ ವೈದ್ಯರೊಬ್ಬರ ಬಳಿ ಮಾತನಾಡಲು ಬಿಟ್ಟ ಮೇಲೆ ಹೊರಬರುವ ಕತೆ ಬಹುಮಟ್ಟಿಗೆ ಒಂದೇ. ಸ್ವಪ್ನಸ್ಖಲನವಾಗಿದೆ, ಹೆದರಿದ್ದಾನೆ. ಗೋಡೆಯ ಮೇಲಿನ 'ಗುಪ್ತರೋಗ'ದ ಜಾಹೀರಾತು ಓದಿದ್ದಾನೆ, ಇಲ್ಲವೇ ಫೋನಿನಲ್ಲಿ ನೋಡಿದ್ದಾನೆ. ಯಾರೋ 'ಹಕೀಮ್' ಎಂದು ಹೆಸರಿಟ್ಟುಕೊಂಡವನು ಹುಡುಗನ ಭಯಕ್ಕೆ ಸಾವಿರಾರು ರೂಪಾಯಿ ಬೆಲೆ ಕಟ್ಟಿ ಪುಡಿ ಮಾರಿದ್ದಾನೆ. ನಮ್ಮ ವೈದ್ಯಪದ್ಧತಿಯ ಹೆಸರನ್ನು ಹೀಗೆ ಕೆಡಿಸುವವರ ಮೇಲೆ ನನಗಿರುವ ಸಿಟ್ಟು ಈ ಪುಟದಲ್ಲಿ ಹಿಡಿಸುವಂಥದ್ದಲ್ಲ. ನಿದ್ದೆಯಲ್ಲಿ ಆಗುವ ಇಹ್ತಿಲಾಮ್ ಕಾಯಿಲೆಯಲ್ಲ, ಬೆಳವಣಿಗೆಯ ಗುರುತು. ಗುಸ್ಲ್ ಮಾಡಿದರೆ ಆಯಿತು. ಈ ಎರಡು ಸಾಲನ್ನು ಅಬ್ಬಾ ತಮ್ಮ ಕೈಬರಹದಲ್ಲಿ ಬರೆದು ಮಡಚಿ ಬುಟ್ಟಿಯಲ್ಲಿಡಬೇಕು. ಎದುರು ಕೂತು ಹೇಳಲು ಆಗದವರೂ ಬರೆಯಲು ಆದೀತು. ಅಬ್ಬಾ ಇಲ್ಲದ ಮನೆಯಲ್ಲಿ ಮಾಮೂ ಬರೆಯಲಿ, ಚಾಚಾ ಬರೆಯಲಿ.

ಹುಡುಗನಿಗೆ ಅವನದೇ ಆದ ಒಂದು ಟವೆಲ್ ಕೊಡಿ. ಐದು ಜನರ ಮನೆಯಲ್ಲಿ ಎರಡೇ ಟವೆಲ್ ಇರುವುದರಿಂದ ಬೇಸಿಗೆ ಬಂತೆಂದರೆ ಹುಳುಕಡ್ಡಿ ಮನೆಮಂದಿಗೆಲ್ಲ ಹಬ್ಬುತ್ತದೆ. ಆಮೇಲೆ ಮೆಡಿಕಲ್ ಶಾಪಿನಿಂದ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿ ಅದನ್ನು ಇನ್ನಷ್ಟು ಹಟಮಾರಿ ಮಾಡುತ್ತಾರೆ. ಟವೆಲ್ಲಿನ ಜೊತೆಗೆ ಒಂದು ನೇಲ್ ಕಟರು, ಮೀಸೆ ಚಿಗುರಿದವನಾದರೆ ಅವನಿಗೇ ಮೀಸಲಾದ ರೇಝರು, ಮೂರು ಹತ್ತಿಯ ಒಳಉಡುಪು. ಮಿಸ್ವಾಕ್ ಇಟ್ಟರೆ ಒಳ್ಳೆಯದೇ, ಆದರೆ ತುದಿಯ ನಾರನ್ನು ಆಗಾಗ ಕತ್ತರಿಸಿ ಹೊಸದಾಗಿ ಜಗಿದುಕೊಳ್ಳಬೇಕೆಂದು ಹೇಳಿಕೊಡಿ. ವಾರಗಟ್ಟಲೆ ಜೇಬಿನಲ್ಲಿ ಧೂಳು ತಿಂದ ಕಡ್ಡಿಯಿಂದ ಹಲ್ಲು ಸ್ವಚ್ಛವಾಗುವುದಿಲ್ಲ.

ಎನರ್ಜಿ ಡ್ರಿಂಕ್ ಡಬ್ಬಿಯನ್ನು ಮಾತ್ರ ಬುಟ್ಟಿಗೆ ಹಾಕಬೇಡಿ. ಅದರ ಮೇಲೆ ಸಣ್ಣಕ್ಷರದಲ್ಲಿ ಮಕ್ಕಳಿಗೆ ಸೂಕ್ತವಲ್ಲವೆಂದು ಬರೆದಿರುವುದನ್ನು ಓದಿದ್ದೀರಾ? ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಬರೆಯಲೇಬೇಕಾದ ಸಾಲು ಅದು. ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನ್ ಹಾಕಲು ಆ ನಿಯಮ ಅವಕಾಶ ಕೊಡುತ್ತದೆ. ಸಿಹಿಯಿರುವ 250 ಮಿಲಿಲೀಟರಿನ ಡಬ್ಬಿಯೊಂದರಲ್ಲಿ ಆರು ಚಮಚದಷ್ಟು ಸಕ್ಕರೆಯೂ ಇರುತ್ತದೆ. ಪರೀಕ್ಷೆಗೆ ಓದಲೆಂದು ರಾತ್ರಿ ಹನ್ನೊಂದಕ್ಕೆ ಅದನ್ನು ಕುಡಿದವನು ಸಹರಿವರೆಗೂ ಫೋನು ಉಜ್ಜುತ್ತಿರುತ್ತಾನೆ. ಬದಲಿಗೆ ಕಾಮಕಸ್ತೂರಿ ಬೀಜದ ಒಂದು ಪೊಟ್ಟಣ ಇಡಿ. ಒಂದು ಚಮಚ ಬೀಜವನ್ನು ಒಂದು ಲೋಟ ನೀರಿನಲ್ಲಿ ಕಾಲು ಗಂಟೆ ಚೆನ್ನಾಗಿ ನೆನೆಸಿ, ನಿಂಬೆ ಹಿಂಡಿ, ಚಿಟಿಕೆ ಉಪ್ಪು ಹಾಕಿದರೆ ಈ ಬಿಸಿಲಿಗೆ ಅದಕ್ಕಿಂತ ತಂಪಾದ ಪಾನೀಯ ನನಗೆ ಗೊತ್ತಿಲ್ಲ. ರೂಹ್ ಅಫ್ಝಾ? ಅದು ನಮ್ಮ ಹಕೀಮರೊಬ್ಬರು ದೆಹಲಿಯಲ್ಲಿ ನೂರು ವರ್ಷಕ್ಕೂ ಹಿಂದೆ ಕಟ್ಟಿದ ಶರಬತ್ತು, ನನಗೂ ಪ್ರೀತಿಯದ್ದು. ಆದರೂ ಸಕ್ಕರೆ ಪಾಕವೇ. ಲೋಟಕ್ಕೆ ಒಂದು ಚಮಚ ಹಾಕಿದರೆ ಸಾಕು, ಹಾಲು ಗುಲಾಬಿಯಾಗುತ್ತದೆ.

ಹ್ಯಾಂಪರಿನಲ್ಲಿ ಕಂಡ ಕ್ರೀಮಿನ ಬಗ್ಗೆ ಹೇಳದೆ ಬಿಡಲಾರೆ. ತಯಾರಕರ ವಿಳಾಸವಿಲ್ಲದ, ಒಳಗೆ ಏನಿದೆಯೆಂದು ಬರೆಯದ ಬಿಳುಪಿನ ಕ್ರೀಮುಗಳಲ್ಲಿ ಪಾದರಸ ಇರಬಹುದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನ ವೈದ್ಯರು ಇಂಥ ಕ್ರೀಮು ಬಳಸಿದವರಲ್ಲಿ ಮೂತ್ರಪಿಂಡದ ಕಾಯಿಲೆ ಪತ್ತೆಹಚ್ಚಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಮುಖಕ್ಕೆ ಹಚ್ಚಿದ್ದು ಮೂತ್ರಪಿಂಡಕ್ಕೆ ಇಳಿದಿತ್ತು. ಅದಕ್ಕಿಂತ ದೊಡ್ಡ ಕೆಡುಕು, ಹದಿನಾಲ್ಕರ ಹುಡುಗಿಗೆ ಹಬ್ಬದ ದಿನ ಆ ಡಬ್ಬಿ ಕೊಟ್ಟು "ನಿನ್ನ ಬಣ್ಣ ಸಾಲದು" ಎಂದು ಹೇಳಿದಂತಾಗುವುದು. ಗುಲಾಬಿ ನೀರಿನ ಒಂದು ಸೀಸೆ, ಒಂದು ಸಾದಾ ಸೋಪು ಇಡಿ. ಮೊಡವೆಯನ್ನು ಹಿಸುಕಬೇಡ ಎಂದಷ್ಟೇ ಹೇಳಿ. ಕೆಂಪಗೆ ಊದಿ ಕಲೆ ಉಳಿಯುವ ಮೊಡವೆಯಾದರೆ ವೈದ್ಯರಿಗೆ ತೋರಿಸಿ.

ಸುರ್ಮಾದ ವಿಷಯದಲ್ಲಿ ನನ್ನ ಮೇಲೆ ಕೆಲವರಿಗೆ ಬೇಸರವಾಗಬಹುದು. ನಮ್ಮ ಗ್ರಂಥಗಳು ಹೊಗಳುವ ಇಸ್ಮಿದ್ ಬೇರೆ. ಪೇಟೆಯಲ್ಲಿ ಆ ಹೆಸರಿನಲ್ಲಿ ಸಿಗುವ ಹೊಳೆಯುವ ಕಲ್ಲು ಎಷ್ಟೋ ಬಾರಿ ಸೀಸದ ಅದಿರು. ಬೇರೆ ಬೇರೆ ದೇಶಗಳಲ್ಲಿ ಪರೀಕ್ಷಿಸಿದ ಸುರ್ಮಾಗಳಲ್ಲಿ ಸೀಸ ಕಂಡುಬಂದಿದೆ, ಮತ್ತು ಸೀಸ ಬೆಳೆಯುವ ಮೆದುಳಿಗೆ ಒಳ್ಳೆಯದಲ್ಲ. ಸೀಸವಿಲ್ಲವೆಂದು ಖಾತ್ರಿಯಾಗದ ಸುರ್ಮಾವನ್ನು ನಾನು ಕೊಡುವುದಿಲ್ಲ. ಕೊಟ್ಟರೂ ಒಂದೇ ಕಡ್ಡಿ ನಾಲ್ವರ ಕಣ್ಣಿಗೆ ಹೋಗಬಾರದು. ಒಬ್ಬರಿಗೆ ಕಣ್ಣು ಬಂದರೆ ಮನೆಮಂದಿಗೆಲ್ಲ ಬರುತ್ತದೆ. ಅತ್ತರನ್ನು ಕುತ್ತಿಗೆಯ ಮೊಡವೆಗಳ ಮೇಲೆ ಉಜ್ಜದೆ ಬಟ್ಟೆಗೆ ಹಚ್ಚಿಕೊಳ್ಳಲಿ, ಅಷ್ಟೇ.

ಇಬ್ಬರ ಬುಟ್ಟಿಗೂ ಸೇರಬೇಕಾದ ಇನ್ನೆರಡು ವಸ್ತುಗಳಿವೆ. ಯುನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತೇವೆ. ಗಾಳಿ, ಅನ್ನಪಾನಗಳ ಜೊತೆಗೆ ನಿದ್ದೆ-ಎಚ್ಚರ, ದೇಹದ ಚಲನೆ-ವಿಶ್ರಾಂತಿ ಎರಡೂ ಅದರಲ್ಲಿವೆ. ನಮ್ಮ ಹದಿಹರೆಯದವರಲ್ಲಿ ಹೆಚ್ಚು ಕೆಟ್ಟಿರುವುದು ಇವೆರಡೇ. ರಮಝಾನಿನಲ್ಲಿ ತಲೆಕೆಳಗಾದ ನಿದ್ದೆ ರಜೆಯುದ್ದಕ್ಕೂ ಹಾಗೆಯೇ ಉಳಿಯುತ್ತದೆ. ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಫಜರಿಗೆ ಎಬ್ಬಿಸಲು ಅಲಾರಂ ಬೇಕೆಂಬ ನೆಪದಲ್ಲಿ ಫೋನು ದಿಂಬಿನ ಕೆಳಗೆ ಸೇರುತ್ತದಲ್ಲ, ಆ ನೆಪವನ್ನು ತೆಗೆಯಲು ಒಂದು ಹಳೆ ಮಾದರಿಯ ಅಲಾರಂ ಗಡಿಯಾರ ಇಡಿ. ಫೋನು ರಾತ್ರಿ ಹಜಾರದಲ್ಲಿ ಮಲಗಲಿ. ಮೊದಲು ನಿಮ್ಮ ಫೋನನ್ನು ಅಲ್ಲಿ ಮಲಗಿಸಿ, ಇಲ್ಲದಿದ್ದರೆ ಅವರು ಕೇಳುವುದಿಲ್ಲ.

ಎರಡನೆಯದು ಸ್ಕಿಪ್ಪಿಂಗ್ ಹಗ್ಗ. ಹುಡುಗಿ ಹನ್ನೆರಡು ದಾಟಿದಳೆಂದರೆ ನಮ್ಮಲ್ಲಿ ಅವಳ ಓಟ ನಿಲ್ಲುತ್ತದೆ. ತಾರಸಿಯ ಮೇಲೆ, ಮಗ್ರಿಬಿಗೆ ಮೊದಲು, ಹದಿನೈದು ನಿಮಿಷ ಹಗ್ಗ ಜಿಗಿದರೆ ಯಾರ ಪರ್ದಾಕ್ಕೂ ಧಕ್ಕೆಯಿಲ್ಲ. ಮುಟ್ಟಿನ ದಿನಗಳಲ್ಲಿ ಬೇಕೆನಿಸಿದರೆ ಜಿಗಿಯಲಿ, ಬೇಡವೆನಿಸಿದರೆ ಬೇಡ. ಯಾವ ಗ್ರಂಥವೂ ಅವಳನ್ನು ಮೂಲೆಯಲ್ಲಿ ಕೂರಿಸಿ ಎಂದಿಲ್ಲ.

ಆ ಹುಡುಗಿಗೆ ಕಳೆದ ಈದಿನಲ್ಲಿ ಅವಳ ಅಮ್ಮಿ ಕಟ್ಟಿದ ಬುಟ್ಟಿ ಇದೇ: ಚೀಲ, ಎಳ್ಳುಂಡೆ, ಹಗ್ಗ, ಒಂದು ಚಾಕಲೇಟು. ಮಾತ್ರೆ ಆರು ತಿಂಗಳು ನಡೆಯಿತು. ಕೊನೆಯ ಸಲ ನೋಡಿದಾಗ ಹಿಮೋಗ್ಲೋಬಿನ್ 11.4. ಇನ್ನೂ ಹನ್ನೆರಡಾಗಿಲ್ಲ. ಈ ರಮಝಾನಿನ ಮೊದಲ ವಾರ ಅವಳ ಅಮ್ಮಿ ಫೋನು ಮಾಡಿ, ಹುಡುಗಿ ಈಗ ಮಧ್ಯಾಹ್ನ ಅಡುಗೆಮನೆಯಲ್ಲಿ ಕುಳಿತು ಊಟ ಮಾಡುತ್ತಾಳೆಂದೂ, ಅಣ್ಣ ನೀರಿಗೆ ಬರುವಾಗ ಬಾಗಿಲಲ್ಲೇ ಕೆಮ್ಮಿ ಹಿಂದೆ ಹೋಗುತ್ತಾನೆಂದೂ ನಗುತ್ತಾ ಹೇಳಿದರು.

ನನ್ನ ಮಗ ಈ ವರ್ಷದ ಬುಟ್ಟಿಗೆ ಈಗಲೇ ಅರ್ಜಿ ಹಾಕಿದ್ದಾನೆ. ಅಲಾರಂ ಗಡಿಯಾರ ಬೇಡವಂತೆ, ಹಳೆಯದೇ ದಿನವೂ ಕಿವಿ ಕಿತ್ತುಹೋಗುವಂತೆ ಬಡಿಯುತ್ತಿದೆಯಂತೆ. ಎಳ್ಳುಂಡೆ ಹತ್ತರ ಬದಲು ಇಪ್ಪತ್ತು ಬೇಕು, ಶಟಲ್ ಕಾಕಿನ ಒಂದು ಡಬ್ಬಿ ಬೇಕು, ಮತ್ತು ದಯವಿಟ್ಟು ಅರ್ಕ್ ಬೇಡ.